ಉಮಕ್ಕನ ಕೆಂಪು ಮಾತ್ರೆ

ಮಸ್ಕತ್ತಿನ ಹೊರವಲಯದ ಅಲ್ ಮಬೇಲಾದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಗಳಿಗೆ ಬರಗಾಲವೇನಿಲ್ಲ. ಆದರೆ ಅಬಾಯಾದ, ಅಂದರೆ ಅಲ್ಲಿಯ ಹೆಂಗಸರು ತೊಡುವ ಕರಿ ನಿಲುವಂಗಿಯ, ತೋಳಿನಂಚಿಗೆ ಕೈಯಲ್ಲೇ ಮಣಿ ಕೂರಿಸಬೇಕು, ಒಗೆದರೂ ಒಂದು ಮಣಿ ಬೀಳಬಾರದು ಎನ್ನುವವರು ಕೇಳಿಕೊಂಡು ಬರುತ್ತಿದ್ದುದು ಪೆಟ್ರೋಲ್ ಬಂಕಿನ ಹಿಂದಿರುವ ಉಮ್ ಸಾಲಿಂ ಎಂಬ ಒಮಾನಿ ಹೆಂಗಸಿನ ಅಂಗಡಿಗೆ. ಅಂಗಡಿ ಉಮ್ ಸಾಲಿಮಳದ್ದು, ಕೈ ಮಾತ್ರ ಮಂಗಳೂರು ಕಡೆಯ ಕಿನ್ನಿಗೋಳಿಯ ಉಮಾವತಿಯದ್ದು. ಕರಿ ಬಟ್ಟೆಯ ಮೇಲೆ ಬಿಳಿ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಸೂಜಿ ಹಿಡಿದು ಕೂತಳೆಂದರೆ ಆಕೆಯನ್ನು ಮಾತಾಡಿಸಲು ಉಮ್ ಸಾಲಿಮಳೂ ಹಿಂದೆ ಮುಂದೆ ನೋಡುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಗಿಡ್ಡ ಆಳು, ನಾಲಿಗೆ ಮಾತ್ರ ಕತ್ತರಿಗಿಂತ ಹರಿತ. ಮಬೇಲಾದಲ್ಲಿರುವ ನಮ್ಮೂರ ಕಡೆಯವರಿಗೆಲ್ಲ ಆಕೆ ಉಮಕ್ಕ.

ಗಲ್ಫಿನಲ್ಲಿರುವ ನಮ್ಮವರದ್ದು ಒಂದು ವಿಚಿತ್ರ ಸಂಸಾರ. ಎಲ್ಲವೂ ಎರಡೆರಡು. ಎರಡು ಸಿಮ್ಮು, ಎರಡು ಬ್ಯಾಂಕು, ಅಲ್ಲೊಂದು ಫ್ರಿಜ್ಜು, ಇಲ್ಲೊಂದು ಫ್ರಿಜ್ಜು. ಹಾಗೆಯೇ ಡಾಕ್ಟರುಗಳೂ ಇಬ್ಬರು, ಊರಿನವರೊಬ್ಬರು, ಇಲ್ಲಿಯವರೊಬ್ಬರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಾಗಬಾರದು ಎನ್ನುವುದು ಎಲ್ಲರೂ ಪಾಲಿಸಿಕೊಂಡು ಬಂದ ಮರ್ಯಾದೆ. ಇಲ್ಲಿಯ ಡಾಕ್ಟರಿಗೆ ಊರಿನ ಮದ್ದಿನ ವಿಷಯ ಹೇಳಿದರೆ ಮುಖ ಗಂಟು ಹಾಕುತ್ತಾರೆ. ಊರಿನ ಡಾಕ್ಟರಿಗೆ ಇಲ್ಲಿಯದ್ದು ಹೇಳಿದರೆ "ಹಾಗಾದ್ರೆ ಅಲ್ಲಿಯೇ ತೋರಿಸಿಕೊಳ್ಳಿ ಮಾರಾಯ್ರೆ" ಎನ್ನುತ್ತಾರೆ. ಯಾಕೆ ಬೇಕು ಇಲ್ಲದ ರಗಳೆ?

ರಜೆಗೆ ಊರಿಗೆ ಹೋಗಿದ್ದಾಗ ಉಮಾವತಿಗೆ ಪ್ರೆಶರ್ ಕಂಡಿತು, ಆಗ ಆದದ್ದೂ ಹೀಗೆಯೇ. ಊರಿನ ಡಾಕ್ಟರು ಮೊದಲು ಕೊಟ್ಟ ಮಾತ್ರೆಗೆ ಕೆಮ್ಮು ಹಿಡಿಯಿತು, ಎರಡನೆಯದಕ್ಕೆ ಪಾದ ಊದಿತು. ಆಮೇಲೆ ಒಂದು ಕೆಂಪು ಮಾತ್ರೆ ಕೊಟ್ಟರು, ಅದು ಮೈಗೆ ಒಗ್ಗಿತು. ಒಮಾನ್‌ಗೆ ಮರಳಿದ ಮೇಲೆ ಅದನ್ನು ಊರಿನಿಂದ ಕಳಿಸುವ ಕೆಲಸ ತಂಗಿ ಸುಪ್ರೀತಾಳದ್ದು. ತರುವ ಕೆಲಸ ಸಿದ್ದೀಕನದ್ದು. ಸಿದ್ದೀಕ್ ಅಂದರೆ ಮಬೇಲಾದಲ್ಲಿ ದಿನಸಿ ಅಂಗಡಿ ಇಟ್ಟ ಉಳ್ಳಾಲದ ಬ್ಯಾರಿ, ಎರಡು ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಬರುವವನು. ಅರ್ಧ ಮಬೇಲಾದ ಪ್ರೆಶರು, ಶುಗರು, ಗ್ಯಾಸ್ಟ್ರಿಕ್ಕು ಎಲ್ಲ ಅವನ ಬ್ಯಾಗಿನಲ್ಲಿಯೇ ವಿಮಾನ ಹತ್ತುತ್ತಿತ್ತು. "ನನ್ನ ಹೆಸರು ಮಾತ್ರ ಎಲ್ಲಿಯೂ ಹೇಳಬೇಡಿ ಉಮಕ್ಕ" ಎಂದು ಪ್ರತಿ ಸಲವೂ ಹೇಳುತ್ತಿದ್ದ. ಹೆಸರು ಎಲ್ಲರಿಗೂ ಗೊತ್ತಿತ್ತು.

ಒಮ್ಮೆ ಸಿದ್ದೀಕ್ ಬರುವುದು ತಡವಾಯಿತು. ಬೇರೆ ದಾರಿ ಕಾಣದೆ ಉಮಾವತಿ ಖಾಲಿ ಸ್ಟ್ರಿಪ್ ಹಿಡಿದುಕೊಂಡು ಹತ್ತಿರದ ಕ್ಲಿನಿಕ್ಕಿಗೆ ಹೋದಳು. ಅಲ್ಲಿಯ ಡಾಕ್ಟರು ಸ್ಟ್ರಿಪ್ಪಿನ ಹಿಂಬದಿ ನೋಡಿ, ತಲೆಯಾಡಿಸಿ, ಒಂದು ಬಿಳಿ ಮಾತ್ರೆ ಬರೆದುಕೊಟ್ಟರು. ವಾರದೊಳಗೆ ಸಿದ್ದೀಕನೂ ಬಂದ, ಕೆಂಪು ಮಾತ್ರೆಯೂ ಬಂತು. ಉಮಾವತಿ ಎರಡನ್ನೂ ತಗೊಳ್ಳತೊಡಗಿದಳು. ಊರಿನದ್ದೂ ಇರಲಿ, ಇಲ್ಲಿಯದ್ದೂ ಇರಲಿ.

ಮುಚ್ಚುಮರೆ ಯಾಕೆ, ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ಕೆಂಪೂ ಬಿಳಿಯೂ ಒಂದೇ ಮದ್ದು. ಹೈಡ್ರಲಜೀನ್ ಅಂತ ಅದರ ನಿಜವಾದ ಹೆಸರು. ಕಂಪೆನಿ ಬೇರೆ, ಬಣ್ಣ ಬೇರೆ, ದೊಡ್ಡಕ್ಷರದ ಹೆಸರು ಬೇರೆ. ಮದ್ದಿನ ಹೆಸರನ್ನು ಇರುವೆ ಸಾಲಿನಷ್ಟು ಸಣ್ಣಗೆ ಬರೆದಿರುತ್ತಾರೆ. ಅದನ್ನು ಕನ್ನಡಕ ಹಾಕಿಕೊಂಡು ಓದುವವರು ಲೋಕದಲ್ಲಿ ಎಷ್ಟು ಮಂದಿ? ಉಮಾವತಿಯಂತೂ ಓದಲಿಲ್ಲ. ಪ್ರೆಶರ್ ಚೆನ್ನಾಗಿ ಇಳಿದಿತ್ತು, ಎದ್ದು ನಿಂತಾಗ ಸ್ವಲ್ಪ ತಲೆ ತಿರುಗುತ್ತಿತ್ತು, ಅಷ್ಟೇ.

ಈ ಕೆಂಪು ಮಾತ್ರೆಯ ಮೇಲೆ ಆಕೆಗಿದ್ದ ಪ್ರೀತಿಗೆ ಬೇರೆ ಕಾರಣವೂ ಉಂಟು. ಅಮ್ಮ ತೀರಿದಾಗ ಸುಪ್ರೀತಾ ಇನ್ನೂ ಅಂಗಳದಲ್ಲಿ ಆಡುವ ಮಗು. ಸಾಕಿದ್ದು ಅಕ್ಕ, ರವಿಕೆ ಹೊಲಿದು ಓದಿಸಿದ್ದೂ ಅಕ್ಕ. ಈಗ ತಂಗಿ ಅಂಗನವಾಡಿ ಟೀಚರು, ಗಂಡ ಮಕ್ಕಳೊಟ್ಟಿಗೆ ಸುಖವಾಗಿದ್ದಾಳೆ. ಅಕ್ಕನಿಗೆ ಏನಾದರೂ ಮಾಡಬೇಕೆಂದು ಅವಳ ಜೀವ ತುಡಿಯುತ್ತಿತ್ತು. ಏನು ಮಾಡುವುದು? ಕುಚ್ಚಲಕ್ಕಿ ಕಳಿಸಿದರೆ ಅದು ಮಸ್ಕತ್ತಿನ ರೂವಿ ಪೇಟೆಯಲ್ಲಿ ಸಿಗುತ್ತದೆ. ಹಲಸಿನ ಹಪ್ಪಳ, ಪುನರ್ಪುಳಿ, ಒಣಮೀನು, ಎಲ್ಲವೂ ರೂವಿಯಲ್ಲಿ ಸಿಗುತ್ತದೆ. ಸಿಗದೆ ಉಳಿದದ್ದು ಆ ಕೆಂಪು ಮಾತ್ರೆ ಒಂದೇ. ಸುಪ್ರೀತಾ ತಪ್ಪದೆ ಪೇಟೆಗೆ ಹೋಗಿ ಅದನ್ನು ಕೊಂಡು, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಸಿದ್ದೀಕನ ಮನೆಗೆ ತಾನೇ ಮುಟ್ಟಿಸಿ ಬರುತ್ತಿದ್ದಳು. ಆಮೇಲೆ ಫೋನು. "ತಗೊಂಡ್ಯಾ ಅಕ್ಕ?" ಎನ್ನುವುದು ಅವಳ ಮೊದಲ ಮಾತು.

ಚಳಿಗಾಲ ಮುಗಿಯುವ ಹೊತ್ತಿಗೆ ಉಮಾವತಿಯ ಬೆರಳು ಬೆಳಿಗ್ಗೆ ಎದ್ದಾಗ ಮಡಚಲು ಬಾರದಾಯಿತು. ಎಸಿಯ ತಂಪಿಗೆ ಎಂದುಕೊಂಡಳು. ಸಂಜೆಗೆ ಮೈ ಬಿಸಿ. ಉಸಿರು ಜೋರಾಗಿ ಎಳೆದರೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ. ಒಂದು ದಿನ ಮಣಿಯ ಡಬ್ಬಿ ಕೈಯಿಂದ ಜಾರಿ ಅಂಗಡಿ ತುಂಬ ಚೆಲ್ಲಿತು. ಉಮ್ ಸಾಲಿಂ ತಾನೇ ಬಗ್ಗಿ ಹೆಕ್ಕತೊಡಗಿದಳು, ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಉಮಾವತಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಈ ಕೈ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ ಹೋಯಿತು. ಅದಕ್ಕಿಂತಲೂ ಹೆಚ್ಚಾಗಿ, ಸೂಜಿ ಹಿಡಿಯದ ಉಮಾವತಿ ಅಂದರೆ ಯಾರು ಎಂದು ಆಕೆಗೇ ಗೊತ್ತಿರಲಿಲ್ಲ.

ಗಂಡ ಗುರುವ ಸೂರ್ ಎಂಬ ದೂರದ ಪಟ್ಟಣದಲ್ಲಿ ಗ್ಯಾಸ್ ಪ್ಲಾಂಟಿನವರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು, ವಾರಾಂತ್ಯಕ್ಕೆ ಮಾತ್ರ ಮನೆಗೆ ಬರುವವನು. ಹೆಂಡತಿಯ ಕೈ ನೋಡಿದವನೇ ರಜೆ ಹಾಕಿ ಮಸ್ಕತ್ತಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ಸಿಕ್ಕಿದವರು ಡಾಕ್ಟರ್ ಸಮೀನಾ, ಹೈದರಾಬಾದಿನವರು, ಗಂಟು ನೋವಿನ ಸ್ಪೆಷಲಿಸ್ಟು. ರಕ್ತ ಪರೀಕ್ಷೆಯ ರಿಪೋರ್ಟು ಬಂದ ಮೇಲೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳು ಮೈಯ ಮೇಲೆಯೇ ತಿರುಗಿ ಬಿದ್ದಿವೆ. ಲೂಪಸ್ ಎಂಬ ಕಾಯಿಲೆಯ ಲಕ್ಷಣ. ಅದರಲ್ಲಿ ಎರಡು ಬಗೆ. ಒಂದು ತಾನಾಗಿಯೇ ಬರುವಂಥದ್ದು, ಬಂದರೆ ಜೀವಮಾನವಿಡೀ ಜೊತೆಗಿರುತ್ತದೆ. ಇನ್ನೊಂದು ಕೆಲವು ಮಾತ್ರೆಗಳಿಂದ ಬರುವಂಥದ್ದು, ಮಾತ್ರೆ ಬಿಟ್ಟರೆ ಹೋಗುತ್ತದೆ.

"ಏನೇನು ಮಾತ್ರೆ ತಗೊಳ್ತೀರಿ?" ಎಂದು ಕೇಳಿದರು.

ಉಮಾವತಿ ಕ್ಲಿನಿಕ್ಕಿನ ಬಿಳಿ ಮಾತ್ರೆ ತೋರಿಸಿದಳು.

"ಬೇರೆ?"

"ಬೇರೆ ಎಂಥದ್ದೂ ಇಲ್ಲ."

ಗುರುವ ಬಾಯಿ ತೆರೆದ. ಉಮಾವತಿ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ. ಆ ಸಂಸಾರದಲ್ಲಿ ತೀರ್ಮಾನಗಳು ಹೆಚ್ಚಾಗಿ ಆಗುತ್ತಿದ್ದುದು ಹೀಗೆಯೇ.

ಡಾಕ್ಟರು ಬಿಳಿ ಮಾತ್ರೆಯ ಹಿಂಬದಿ ಓದಿ "ಇದರ ಮೇಲೆಯೇ ನನಗೆ ಅನುಮಾನ" ಎಂದರು. ಅದನ್ನು ನಿಲ್ಲಿಸಿ ಪ್ರೆಶರಿಗೆ ಬೇರೆ ಮಾತ್ರೆ ಕೊಟ್ಟರು. "ಕೆಲವು ವಾರ ನೋಡುವ. ಇದರಿಂದಲೇ ಆದದ್ದಾದರೆ ಕೈ ಸಡಿಲವಾಗುತ್ತದೆ. ಆಗದಿದ್ದರೆ ಇದು ಆ ಇನ್ನೊಂದು ಬಗೆಯದ್ದು ಎಂದೇ ಲೆಕ್ಕ."

ಹೊರಗೆ ಬಂದ ಮೇಲೆ ಗುರುವ ಕೇಳಿದ. "ಕೆಂಪು ಮಾತ್ರೆಯ ವಿಷಯ ಹೇಳಬಹುದಿತ್ತಲ್ಲ ಮಾರಾಯ್ತಿ?"

"ಹೇಳಿ ಎಂಥ ಮಾಡುವುದು? ಅದನ್ನೂ ನಿಲ್ಲಿಸಿ ಅನ್ನುವುದಕ್ಕಾ? ಇಲ್ಲಿಯ ಮಾತ್ರೆ ತಿಂದು ಈ ಗತಿ ಬಂದದ್ದು. ಊರಿನದ್ದು ಒಂದು ಇದ್ದ ಕಾರಣ ಇಷ್ಟಾದರೂ ನಿಂತಿದ್ದೇನೆ ನಾನು."

ಅಷ್ಟೇ ಅಲ್ಲ, ಬಿಳಿಯದ್ದು ಹೋದ ಮೇಲೆ ಕೆಂಪು ಮಾತ್ರೆಯನ್ನು ದಿನಕ್ಕೆ ಒಂದು ಹೆಚ್ಚು ನುಂಗತೊಡಗಿದಳು. ಬಿಳಿಯ ಪಾಲಿನ ಕೆಲಸವನ್ನೂ ಅದೇ ಮಾಡಲಿ ಎಂದು. ಅಯ್ಯೋ ದೇವರೇ ಎನ್ನಬೇಕು, ಬೇರೆ ಏನು ಹೇಳುವುದು!

ಕೈ ಸಡಿಲವಾಗಲಿಲ್ಲ. ರಂಜಾನ್ ಶುರುವಾಯಿತು. ಈದ್ ಹತ್ತಿರ ಬಂದ ಹಾಗೆ ಅಂಗಡಿಯಲ್ಲಿ ಕರಿ ಬಟ್ಟೆಯ ಗುಡ್ಡೆ ಬೆಳೆಯಿತು. ಉಮಾವತಿಗೆ ಕತ್ತರಿ ಅಗಲಿಸಲು ಎರಡೂ ಕೈ ಬೇಕಾಗುತ್ತಿತ್ತು. ಮಣಿ ಕೂರಿಸಲು ಉಮ್ ಸಾಲಿಂ ಜಸೀಲಾ ಎಂಬ ಹೊಸ ಹುಡುಗಿಯನ್ನು ತಂದಳು. ಪಾಪದ ಹುಡುಗಿ, ಕೆಲಸ ಬಲ್ಲವಳು. ಅವಳು ಗೆರೆ ತಪ್ಪದೆ ಮಣಿ ಕೂರಿಸುವುದನ್ನು ನೋಡುತ್ತ ಉಮಾವತಿಗೆ ಅಳು ಬಂತು. "ಎಂಥ ಸೂಜಿ ಹಿಡಿಯುವುದು ಅದು, ಬಾವಿಯಿಂದ ನೀರು ಸೇದುತ್ತಿದ್ದೀಯಾ?" ಎಂದು ಸುಮ್ಮನೆ ಬಯ್ದಳು. ಬಯ್ದ ಮೇಲೆ ಹಿಂದಿನ ಕೋಣೆಗೆ ಹೋಗಿ ಬಟ್ಟೆಯ ಥಾನಿನ ಸುರುಳಿಗೆ ಒರಗಿ ಕೂತಳು. ಉಮ್ ಸಾಲಿಂ ಹೊರಗಿನಿಂದಲೇ "ಖಲಾಸ್ ಉಮಾ, ಮನೆಗೆ ಹೋಗಿ ಮಲಗು" ಎಂದಳು. ಅರಬ್ಬಿಯಲ್ಲಿ ಸಾಕು ಎಂದಷ್ಟೇ ಅರ್ಥ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಖಲಾಸ್ ಎನ್ನುವ ಮಾತು ಉಮಾವತಿಯ ಎದೆಯಲ್ಲಿ ಕೂತುಬಿಟ್ಟಿತು.

ಎರಡನೆಯ ಸಲ ಹೋದಾಗ ಡಾಕ್ಟರ್ ಸಮೀನಾರ ಮುಖದಲ್ಲಿ ನಗು ಇರಲಿಲ್ಲ. ಕೈ ಹಾಗೆಯೇ, ರಿಪೋರ್ಟು ಮೊದಲಿಗಿಂತ ಕೆಟ್ಟದ್ದು. ಮಾತ್ರೆ ನಿಲ್ಲಿಸಿದರೂ ಇಳಿಯದ ಕಾರಣ ಇದು ಜೀವಮಾನದ ಲೂಪಸ್ಸೇ ಇರಬೇಕು. ಬಿಳಿ ಕಣಗಳ ಶಕ್ತಿಯನ್ನೇ ತಗ್ಗಿಸುವ ದೊಡ್ಡ ಮದ್ದು ಶುರು ಮಾಡಬೇಕು. ಅದರಲ್ಲಿ ಬೇರೆ ರೋಗಗಳು ಬೇಗ ತಗಲುತ್ತವೆ, ಊರಿಗೆ ಹೋಗಿ ಮನೆಯವರ ಹತ್ತಿರ ಇರುವುದು ಒಳ್ಳೆಯದು ಎಂದರು.

ಗುರುವನಿಗೆ ತಡೆಯಲಿಲ್ಲ. "ನಮ್ಮ ಕುಟುಂಬದಲ್ಲಿ ಯಾರಿಗೂ ಇದು ಇಲ್ಲ ಮೇಡಂ. ರಕ್ತದಲ್ಲೇ ಇದ್ದದ್ದಾ ಇದು? ಇವಳಿಗೊಬ್ಬಳಿಗೇ ಯಾಕೆ?"

ಡಾಕ್ಟರು ಸ್ವಲ್ಪ ಹೊತ್ತು ಉಮಾವತಿಯ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಚಾಕ್‌ಪೀಸಿನ ಪುಡಿ ಇನ್ನೂ ಇತ್ತು. ಆಕೆಗೆ ಗೊತ್ತಿರುವ ಹೊಲಿಗೆಯ ಮಾತಿನಲ್ಲೇ ಹೇಳತೊಡಗಿದರು.

"ನೀವು ಟೈಲರ್ ಅಲ್ವಾ? ಮೈಯ ಒಂದೊಂದು ಕಣದೊಳಗೂ ಇರುವುದು ಒಂದೇ ಥಾನಿನ ಬಟ್ಟೆ ಎಂದು ತಿಳಿಯಿರಿ. ಚರ್ಮದ ಕಣಕ್ಕೂ ಅದೇ, ರಕ್ತದ ಕಣಕ್ಕೂ ಅದೇ. ಬೇರೆ ಇರುವುದು ಮೇಲಿನ ಚಾಕ್‌ಪೀಸಿನ ಗುರುತು. ಇಲ್ಲಿ ಕತ್ತರಿಸು, ಇದನ್ನು ಮುಟ್ಟಬೇಡ, ಇದನ್ನು ಮಡಚಿಯೇ ಇಡು ಅಂತ. ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಬಿಳಿ ಕಣ ಆ ಗುರುತು ನೋಡಿಕೊಂಡೇ ಬೆಳೆಯುತ್ತದೆ. ಒಂದು ರೋಗಾಣುವನ್ನು ಕೊಲ್ಲುವ ಕಣವಾಗುತ್ತದೆ, ಇನ್ನೊಂದು ಆ ಕೊಲ್ಲುವವರನ್ನು ಹದ್ದುಬಸ್ತಿನಲ್ಲಿಡುವ ಕಣವಾಗುತ್ತದೆ. ಈ ಗುರುತುಗಳಿಗೆ ನಾವು ಎಪಿಜೆನೆಟಿಕ್ಸ್ ಎಂದು ದೊಡ್ಡ ಹೆಸರಿಟ್ಟಿದ್ದೇವೆ. ನಿಮ್ಮ ಬಟ್ಟೆ ಚೆನ್ನಾಗಿಯೇ ಇರಬಹುದು. ಗುರುತು ಅಳಿಸಿದೆ. ಮುಟ್ಟಬಾರದ್ದನ್ನು ಕಣಗಳು ಕತ್ತರಿಸುತ್ತಿವೆ."

"ಗುರುತು ಅಳಿಸುವುದು ಯಾರು?" ಉಮಾವತಿ ಕೇಳಿದಳು.

"ಕೆಲವರಲ್ಲಿ ಯಾರು ಎಂದು ನಮಗೂ ಪೂರ್ತಿ ಗೊತ್ತಿಲ್ಲ. ನಿಮ್ಮ ಆ ಬಿಳಿ ಮಾತ್ರೆಗೆ ಆ ಕೆಟ್ಟ ಗುಣ ಉಂಟು. ಅದು ಮೈಯಲ್ಲಿದ್ದಷ್ಟು ದಿನ ಹೊಸ ಕಣಗಳಿಗೆ ಗುರುತು ಸರಿಯಾಗಿ ಬೀಳುವುದಿಲ್ಲ. ಆದರೆ ಅದನ್ನು ನಿಲ್ಲಿಸಿ ಆಯ್ತಲ್ಲ. ಹೊಸ ಕಣಗಳು ಹುಟ್ಟುತ್ತಲೇ ಇರುತ್ತವೆ, ಇಷ್ಟರಲ್ಲಿ ಗುರುತು ಪುನಃ ಬೀಳಬೇಕಿತ್ತು. ಬೀಳಲಿಲ್ಲ."

ಉಮಾವತಿಗೆ ಅಂಗಡಿಯ ಹಳೆಯ ಸಂಗತಿಯೊಂದು ನೆನಪಾಯಿತು. ಒಂದು ವರ್ಷ ಎಳೆದ ಗೆರೆ ನಿಲ್ಲುತ್ತಲೇ ಇರಲಿಲ್ಲ. ಚಾಕ್‌ಪೀಸು ಕೆಟ್ಟದ್ದು ಎಂದು ಬೇರೆ ತರಿಸಿದಳು, ಬಟ್ಟೆ ಕೆಟ್ಟದ್ದು ಎಂದು ರೂವಿಯ ಅಂಗಡಿಯವನ ಹತ್ತಿರ ಜಗಳವಾಡಿದಳು. ಕೊನೆಗೆ ನೋಡಿದರೆ ಗೆರೆ ಅಳಿಸುತ್ತಿದ್ದುದು ಪಕ್ಕದಲ್ಲಿ ತಾನೇ ಇಟ್ಟುಕೊಂಡ ಇಸ್ತ್ರಿಪೆಟ್ಟಿಗೆಯ ಹಬೆ. ಅಷ್ಟೂ ದಿನ ಅದರ ಮೇಲೆ ಆಕೆಗೆ ಅನುಮಾನವೇ ಬಂದಿರಲಿಲ್ಲ. ಇಸ್ತ್ರಿ ತನ್ನದಲ್ಲವೇ?

ಬ್ಯಾಗಿನೊಳಗೆ ಕೈ ಹಾಕಿದಳು. ಹಳೆ ಸೀರೆಯ ತುಂಡು ಬಿಚ್ಚಲು ಬೆರಳು ಬಾರದೆ ಗುರುವನ ಮುಂದೆ ಹಿಡಿದಳು. ಅವನು ಬಿಚ್ಚಿಕೊಟ್ಟ.

"ಇದೊಂದು ಉಂಟು ಡಾಕ್ಟ್ರೆ. ನನ್ನ ತಂಗಿ ಕಳಿಸುವುದು."

ಡಾಕ್ಟರು ಸ್ಟ್ರಿಪ್ ತಿರುಗಿಸಿದರು, ಕನ್ನಡಕ ಮೇಲೇರಿಸಿ ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಆ ಮೆತ್ತಗಿನ ಹೆಂಗಸು ಕೂಗಿದ ಕೂಗಿಗೆ ಹೊರಗಿದ್ದ ನರ್ಸು ಒಳಗೆ ಬಂದಳು. "ಅದೇ ಮದ್ದು! ಅದೇ ಮದ್ದು ಇದು! ಜೀವಮಾನದ ಕಾಯಿಲೆ ಎಂದು ಬರೆಯಲು ಹೊರಟಿದ್ದೆನಲ್ಲ ನಾನು! ಕೇಳಿದಾಗ ಹೇಳಲು ನಿಮಗೇನಾಗಿತ್ತು?"

ಉಮಾವತಿ ಬಾಯಿಬಡುಕಿ. ಆದರೆ ಅಂದು ತಲೆ ತಗ್ಗಿಸಿ ಕೂತು, ಬಿದ್ದ ಬೈಗುಳವನ್ನೆಲ್ಲ ಸೆರಗೊಡ್ಡಿ ತೆಗೆದುಕೊಂಡಳು. ಬಯ್ಯುವಷ್ಟು ಬಯ್ದ ಮೇಲೆ ಡಾಕ್ಟರು ನೀರು ಕುಡಿದು ಎರಡು ಮಾತು ಹೇಳಿದರು. ಒಂದು, ಇದನ್ನು ಇನ್ನು ಮುಟ್ಟಬೇಡಿ. ಎರಡು, ನಿಮ್ಮ ತಂಗಿಗೆ ಇವತ್ತೇ ಫೋನು ಮಾಡಿ ಕಳಿಸಬೇಡ ಎಂದು ಹೇಳಿ.

ಮೊದಲನೆಯದ್ದನ್ನು ಉಮಾವತಿ ಅಕ್ಷರಶಃ ಪಾಲಿಸಿದಳು. ಈದ್ ಕಳೆದು ಸ್ವಲ್ಪ ದಿನಕ್ಕೆ ಜ್ವರ ನಿಂತಿತು. ಆಮೇಲೆ ಪಕ್ಕೆ ನೋವು ಹೋಯಿತು. ಒಂದು ಬೆಳಿಗ್ಗೆ ಚಾ ಮಾಡುತ್ತಿದ್ದವಳು ಗ್ಯಾಸ್ ಲೈಟರನ್ನು ಒಂದೇ ಕೈಯಲ್ಲಿ ಒತ್ತಿದ್ದು ಗೊತ್ತಾಗಿ, ಸುಮ್ಮನೆ ಇನ್ನೂ ನಾಲ್ಕು ಸಲ ಒತ್ತಿ ನೋಡಿದಳು. ಬಕ್ರೀದಿನ ಬಟ್ಟೆ ಬರುವ ಹೊತ್ತಿಗೆ ಮಣಿ ಕೂರಿಸುವ ಸ್ಟೂಲಿನಲ್ಲಿ ಮತ್ತೆ ಆಕೆಯೇ ಕೂತಳು. ಜಸೀಲಾ ಪಕ್ಕದಲ್ಲಿ. ಉಮ್ ಸಾಲಿಂ ಖರ್ಜೂರ ಹಂಚಿದಳು.

ಎರಡನೆಯದ್ದು ಮಾತ್ರ ಆಗಲಿಲ್ಲ. ಫೋನು ಮಾಡಿದಳು, ಹೇಳಲು ಬಾಯಿ ಬರಲಿಲ್ಲ. ಏನೆಂದು ಹೇಳುವುದು? ನೀನು ಪ್ರೀತಿಯಿಂದ ಕಳಿಸಿದ್ದು ನನ್ನ ಮೈಯನ್ನು ತಿಂದಿತು ಎಂದೇ? ಆ ಹುಡುಗಿ ಅನ್ನ ಬಿಟ್ಟಾಳು. ಹಾಗಾಗಿ ಸಿದ್ದೀಕ್ ತಂದುಕೊಟ್ಟದ್ದನ್ನು ಉಮಾವತಿ ಮೊದಲಿನ ಹಾಗೆ ತೆಗೆದುಕೊಂಡಳು, ಗುಂಡಿಗಳನ್ನು ಹಾಕಿಡುವ ಬಿಸ್ಕತ್ತು ಡಬ್ಬದ ತಳಕ್ಕೆ ಸೇರಿಸಿದಳು.

"ತಗೊಂಡ್ಯಾ ಅಕ್ಕ?"

"ತಗೊಂಡೆ ಮಗಾ."

"ಕೈ ಹೇಗುಂಟು?"

"ಗುಣ ಆಯ್ತು."

"ನೋಡಿದ್ಯಾ? ನಾನು ಹೇಳಿದ್ದಲ್ವಾ!" ಸುಪ್ರೀತಾಳ ಸ್ವರದಲ್ಲಿ ಅಷ್ಟು ಸಂತೋಷ. ಇಷ್ಟು ಸಂತೋಷವನ್ನು ಹಾಳು ಮಾಡುವುದು ಯಾಕೆ ಎಂದು ಉಮಾವತಿ ಗುರುವನ ಹತ್ತಿರ ವಾದಿಸಿದಳು. ಗುರುವ "ನಿನ್ನ ತಂಗಿ, ನಿನ್ನಿಷ್ಟ" ಎಂದ. ಅವನಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಡಬ್ಬದೊಳಗಿನ ಮಾತ್ರೆ ಯಾರಿಗೆ ಏನು ಮಾಡುತ್ತದೆ?

ಬಕ್ರೀದ್ ಮುಗಿದು, ಸೆಕೆ ಹೆಚ್ಚಾಗಿ, ಮಬೇಲಾದ ರಸ್ತೆಗಳು ಮಧ್ಯಾಹ್ನ ಖಾಲಿಯಾಗುವ ದಿನಗಳು. ಊಟ ಮುಗಿಸಿ ಉಮಾವತಿ ಸೂಜಿಗೆ ನೂಲು ಹಾಕುತ್ತಿದ್ದಳು. ಫೋನು ಬಂತು.

"ಅಕ್ಕ, ಈ ಸಲ ಮಾತ್ರೆ ಸ್ವಲ್ಪ ಕಡಿಮೆ ಉಂಟು. ಬೇಜಾರು ಮಾಡಬೇಡ. ನನಗೂ ಒಂದಿಷ್ಟು ಬೇಕಾಯ್ತು."

"ನಿನಗೆ ಯಾಕೆ?"

"ಎಂತ ಇಲ್ಲ, ಅಂಗನವಾಡಿಗೆ ಬಂದ ನರ್ಸಮ್ಮ ನೋಡಿ ಪ್ರೆಶರ್ ಉಂಟು ಅಂದ್ರು. ಡಾಕ್ಟ್ರತ್ರ ಹೋಗಲಿಕ್ಕೆ ಪುರುಸೊತ್ತಿಲ್ಲ ಮಾರಾಯ್ತಿ. ನಿನಗೆ ಒಗ್ಗಿದ್ದು ನನಗೂ ಒಗ್ಗೀತಲ್ಲ, ನಾವು ಒಂದೇ ಹೊಟ್ಟೆಯವರು. ನೀನು ಕೆಂಪು ಎರಡೆರಡು ತಗೊಳ್ತಾ ಇದ್ದಿ ಅಂತ ರಂಜಾನಿನ ಹೊತ್ತಿಗೆ ಭಾವ ಫೋನಿನಲ್ಲಿ ಹೇಳಿದ್ರಲ್ಲ? ನಾನೂ ಹಾಗೆಯೇ ತಗೊಳ್ತಾ ಇದ್ದೇನೆ. ಪ್ರೆಶರ್ ಇಳಿದಿದೆ." ಸುಪ್ರೀತಾ ನಕ್ಕಳು. "ಆದರೆ ಈ ಬೆರಳು ಬೆಳಿಗ್ಗೆ ಮಡಚಲಿಕ್ಕೆ ಆಗುವುದಿಲ್ಲ. ನೀರಿನ ತಂಪಿಗೋ ಏನೋ."

ಉಮಾವತಿಯ ಕೈಯಿಂದ ಸೂಜಿ ಬಿತ್ತು. ಈ ಸಲ ಬೆರಳಿನ ತಪ್ಪಲ್ಲ.

"ಸುಪ್ರೀತಾ, ಕೇಳಿಲ್ಲಿ. ಆ ಮಾತ್ರೆ ಇನ್ನು ಒಂದೂ ಬಾಯಿಗೆ ಹಾಕಬೇಡ."

"ಯಾಕೆ ಅಕ್ಕ? ನಿನಗೆ ಅದರಲ್ಲೇ ಅಲ್ವಾ ಗುಣ ಆದದ್ದು?"

"ಅದರಲ್ಲಿ ಗುಣ ಆದದ್ದಲ್ಲ ಮಗಾ. ಅದರಲ್ಲೇ ರೋಗ ಬಂದದ್ದು. ಬಿಟ್ಟ ಮೇಲೆ ಗುಣ ಆದದ್ದು. ರಂಜಾನಿನಿಂದ ಈಚೆಗೆ ನಾನು ಒಂದನ್ನೂ ನುಂಗಲಿಲ್ಲ. ನೀನು ಕಳಿಸಿದ್ದೆಲ್ಲ ಗುಂಡಿ ಡಬ್ಬದಲ್ಲಿ ಉಂಟು. ಈಗಲೇ, ಈಗಿಂದೀಗಲೇ ಹೊರಡು. ಡಾಕ್ಟ್ರಿಗೆ ಸ್ಟ್ರಿಪ್ ತೋರಿಸು, ಕೈ ತೋರಿಸು, ನನ್ನ ಕತೆಯನ್ನೂ ಹೇಳು. ಎಲ್ಲ ಹೇಳು, ಒಂದನ್ನೂ ಬಿಡಬೇಡ."

ಅಂಗನವಾಡಿಯ ಮಕ್ಕಳ ಗದ್ದಲದ ನಡುವೆ ಸುಪ್ರೀತಾ ಕೇಳಿದಳು.

"ಹಾಗಾದ್ರೆ ಪ್ರತಿ ಸಲ ತಗೊಂಡೆ ತಗೊಂಡೆ ಅಂದದ್ದು?"

ನಿನಗೆ ಬೇಸರ ಆಗಬಾರದು ಅಂತ ಎಂದು ಹೇಳಹೊರಟ ಉಮಾವತಿ ಅರ್ಧಕ್ಕೇ ನಿಲ್ಲಿಸಿದಳು.

"ಸುಳ್ಳು ಹೇಳಿದೆ" ಎಂದಳು. "ನೀನು ಮೊದಲು ಹೊರಡು."

ಫೋನು ಇಟ್ಟ ಮೇಲೆ ಡಬ್ಬವನ್ನು ಮೇಜಿನ ಮೇಲೆ ಸುರಿದಳು. ಗುಂಡಿಗಳ ನಡುವಿನಿಂದ ಸ್ಟ್ರಿಪ್ಪುಗಳನ್ನು ಒಂದೊಂದಾಗಿ ಹೆಕ್ಕಿ, ಸುತ್ತಿದ್ದ ಸೀರೆಯ ತುಂಡುಗಳನ್ನು ಬೇರೆ ತೆಗೆದಿಟ್ಟಳು. ಜಸೀಲಾ "ಏನು ಉಮಕ್ಕ?" ಎಂದು ಕೇಳಿದಳು. ಉಮಾವತಿ ಗಂಡನಿಗೆ ಫೋನು ಮಾಡಿ, ಊರಿಗೆ ಸಿಕ್ಕಿದ ಮೊದಲ ವಿಮಾನಕ್ಕೆ ಟಿಕೆಟ್ ಮಾಡಿ ಎಂದಳು.